ವಿಶ್ವಾಸವೂ ಸತ್ಕರ್ಮವೂ

ಮನುಷ್ಯನಿಗೆ ಲೆಕ್ಕವಿಡುವ ಅಭ್ಯಾಸವು ಎಂದು ಬಂದಿತೋ ಹೇಳಲಾಗದು. ಕೊಟ್ಟುದು, ಕೊಂಡುದು, ಬರಬೇಕಾದುದು, ಸಲ್ಲಿಸಬೇಕಾದುದು ಎಂದು ಅಂಗಡಿಯ ಕಡತದಲ್ಲಿ ಬರೆದಿಡುವ ಈ ಗುಣವು ಮೆಲ್ಲಮೆಲ್ಲನೆ ದೇವರಮನೆಯನ್ನೂ ಹೊಕ್ಕಿತು. ಇಷ್ಟು ವ್ರತ, ಇಷ್ಟು ದಾನ, ಇಷ್ಟು ಉಪವಾಸ ಒಂದು ಕಡೆಗೆ. ಇಷ್ಟು ಸುಳ್ಳು, ಇಷ್ಟು ಮತ್ಸರ, ಇಷ್ಟು ಕಾಠಿಣ್ಯ ಮತ್ತೊಂದು ಕಡೆಗೆ. ಕೊನೆಯಲ್ಲಿ ಬಾಕಿಯು ಯಾವ ಪಕ್ಷಕ್ಕೆ ಬೀಳುವುದೋ ಅದರ ಮೇಲೆ ಸದ್ಗತಿ ದುರ್ಗತಿಗಳು ನಿಂತಿವೆ ಎಂದು ಸಾಮಾನ್ಯ ಜನರು ಅನೇಕ ದೇಶಗಳಲ್ಲಿ, ಅನೇಕ ಮತಗಳಲ್ಲಿ ತಿಳಿದುಕೊಂಡು ಬಂದಿದ್ದಾರೆ. ಈ ತಿಳಿವಳಿಕೆಯಲ್ಲಿ ನ್ಯಾಯವಿದೆ. ಸಮಾಜದ ಹಿತವೂ ಇದೆ. ಆದರೆ ರಾತ್ರಿ ನಿದ್ದೆ ಬಾರದೆ ಹೊರಳುವವನನ್ನು ಕೇಳಿದರೆ ಅದರಲ್ಲೊಂದು ಮುಳ್ಳೂ ಇದೆಯೆಂದು ತಿಳಿಯುವುದು. ಎಷ್ಟು ಮಾಡಿದರೆ ಸಾಕು? ಮಾಡಿದುದರಲ್ಲಿ ಶುದ್ಧವಾದುದು ಎಷ್ಟು, ಹೆಸರಿನ ಆಸೆಗೆ ಮಾಡಿದುದು ಎಷ್ಟು? ಲೆಕ್ಕವನ್ನು ನೋಡುವವನು ಸರ್ವವನ್ನೂ ಬಲ್ಲವನಾದರೆ ಕಡತದ ಯಾವ ಪುಟ ತಾನೆ ಅವನ ಕಣ್ಣಿಗೆ ಶುದ್ಧವಾಗಿ ತೋರೀತು?

ಕ್ರೈಸ್ತಮತದ ಇತಿಹಾಸದಲ್ಲಿ ಈ ಪ್ರಶ್ನೆಯಿಂದ ಹುಟ್ಟಿದಷ್ಟು ಕಲಹವು ಬೇರೆ ಪ್ರಶ್ನೆಗಳಿಂದ ಹುಟ್ಟಿದುದು ವಿರಳ. ಪಾಪಿಯಾದ ಮನುಷ್ಯನು ದೇವರ ಮುಂದೆ ನೀತಿವಂತನೆಂದು ಎಣಿಸಲ್ಪಡುವುದು ಯಾವುದರಿಂದ? ಕ್ರಿಸ್ತನಲ್ಲಿಟ್ಟ ವಿಶ್ವಾಸದಿಂದಲೋ, ಕೈಯಾರೆ ಮಾಡಿದ ಸತ್ಕರ್ಮದಿಂದಲೋ, ಎರಡೂ ಕೂಡಿದುದರಿಂದಲೋ? 16ನೆಯ ಶತಮಾನದಲ್ಲಿ ಪಶ್ಚಿಮ ಯೂರೋಪಿನ ಧರ್ಮಸಭೆಯು ಒಡೆದುದಕ್ಕೆ ಈ ಪ್ರಶ್ನೆಯೇ ಮುಖ್ಯ ಕಾರಣವಾಯಿತು. ದೂರದಿಂದ ನೋಡುವವರಿಗೆ ಇದು ಪಂಡಿತರ ಜಗಳದಂತೆ ತೋರಬಹುದು. ಆದರೆ ಇದರಲ್ಲಿ ಇಬ್ಬರು ಮನುಷ್ಯರ ಬಾಳು ಸಿಕ್ಕಿಕೊಂಡಿದೆ. ಒಬ್ಬನು ಮರಣಶಯ್ಯೆಯಲ್ಲಿ ಮಲಗಿ, ದೇವರಿಗೆ ತೋರಿಸಲು ತನ್ನಲ್ಲಿ ಏನೂ ಇಲ್ಲವೆಂದು ಕಂಗೆಟ್ಟವನು. ಇನ್ನೊಬ್ಬನು ಭಕ್ತನ ಬಾಗಿಲಲ್ಲಿ ಹಸಿದು ನಿಂತವನು. ಮೊದಲನೆಯವನಿಗೆ ಸತ್ಕರ್ಮದ ಮಾತನ್ನು ಹೇಳಿದರೆ ಅವನ ಕೊನೆಯ ಆಸರೆಯೂ ಕುಸಿಯುವುದು. ಎರಡನೆಯವನಿಗೆ ವಿಶ್ವಾಸದ ಮಾತನ್ನಷ್ಟೆ ಹೇಳಿದರೆ ಅವನ ಹೊಟ್ಟೆ ತುಂಬದು. ಈ ಇಬ್ಬರನ್ನೂ ಮರೆಯದೆ ವಿಚಾರ ಮಾಡುವುದು ಯುಕ್ತ.

ವಿವಾದದ ಬೀಜವು ಬೈಬಲಿನಲ್ಲಿಯೇ ಇದೆ. ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಿಕೆಗಳಲ್ಲಿ, ಮನುಷ್ಯನು ಧರ್ಮಶಾಸ್ತ್ರದ ಕರ್ಮಗಳಿಂದಲ್ಲ, ನಂಬಿಕೆಯಿಂದಲೇ ನೀತಿವಂತನಾಗುವನೆಂದು ವಾದಿಸಿದನು. ಆತನ ಯುಕ್ತಿಯು ಸರಳವಾದುದು. ದುಡಿದವನಿಗೆ ಸಲ್ಲುವುದು ಕೂಲಿ. ಕೂಲಿಯನ್ನು ಯಾರೂ ಉಪಕಾರವೆಂದು ಎಣಿಸುವುದಿಲ್ಲ. ದೇವರ ದಯೆಯು ದಯೆಯಾಗಿಯೇ ಉಳಿಯಬೇಕಾದರೆ ಅದು ಕೂಲಿಯಾಗಬಾರದು. ಯಾಕೋಬನಾದರೋ ತನ್ನ ಪತ್ರಿಕೆಯಲ್ಲಿ, ಉಡಲು ಬಟ್ಟೆಯಿಲ್ಲದೆ ಆ ದಿನದ ಅನ್ನವಿಲ್ಲದೆ ಬಂದ ಸಹೋದರನಿಗೆ ಏನನ್ನೂ ಕೊಡದೆ, ಬೆಚ್ಚಗಿರು, ಹೊಟ್ಟೆ ತುಂಬಿಸಿಕೊ ಎಂದು ಹರಸಿ ಕಳುಹಿಸುವವನ ಚಿತ್ರವನ್ನು ಬರೆದು, ಕ್ರಿಯೆಯಿಲ್ಲದ ನಂಬಿಕೆಯು ಹೆಣಕ್ಕೆ ಸಮಾನವೆಂದು ಹೇಳಿದನು. ಹೊಸ ಒಡಂಬಡಿಕೆಯಲ್ಲಿ "ನಂಬಿಕೆ" ಎಂಬ ಪದದೊಡನೆ "ಮಾತ್ರ" ಎಂಬ ಪದವು ಕೂಡಿ ಬರುವುದು ಒಂದೇ ಸ್ಥಳದಲ್ಲಿ. ಆ ಸ್ಥಳವು ಯಾಕೋಬನ ಪತ್ರಿಕೆಯೇ. ಅಲ್ಲಿಯೂ ಅದು ನಿಷೇಧವಾಗಿಯೇ ಬಂದಿದೆ.

ಸ್ವಾರಸ್ಯವೇನೆಂದರೆ, ಇಬ್ಬರೂ ಸಾಕ್ಷಿಗೆ ಕರೆಯುವುದು ಒಬ್ಬನೇ ಪುರುಷನನ್ನು: ಅಬ್ರಹಾಮನನ್ನು. ಇಬ್ಬರೂ ಎತ್ತಿಹೇಳುವುದು ಆದಿಕಾಂಡದ ಒಂದೇ ವಚನವನ್ನು. ಆದರೆ ಅಬ್ರಹಾಮನ ಜೀವನದಲ್ಲಿ ಇಬ್ಬರ ದೃಷ್ಟಿಯೂ ನೆಲಸುವ ಗಳಿಗೆಗಳು ಬೇರೆ. ಮಕ್ಕಳಿಲ್ಲದೆ ಮುದುಕನಾದ ಅಬ್ರಹಾಮನು ರಾತ್ರಿಯ ಆಕಾಶದಡಿಯಲ್ಲಿ ನಿಂತು, ನಕ್ಷತ್ರಗಳಂತೆ ಅಸಂಖ್ಯಾತವಾದ ಸಂತತಿಯು ನಿನಗಾಗುವುದೆಂಬ ಮಾತನ್ನು ಕೇಳಿ ನಂಬಿದ ಗಳಿಗೆಯನ್ನು ಪೌಲನು ಹಿಡಿಯುತ್ತಾನೆ. ಆಗ ಅವನ ಕೈಯಲ್ಲಿ ಕೆಲಸವೇನೂ ಇರಲಿಲ್ಲ, ಮಾಡಬಹುದಾದುದೂ ಇರಲಿಲ್ಲ. ಮಗನು ಹುಟ್ಟಿ ಬೆಳೆದ ಮೇಲೆ, ಆ ಇಸಾಕನನ್ನೇ ಬಲಿಪೀಠದ ಮೇಲಿರಿಸಿದ ಗಳಿಗೆಯನ್ನು ಯಾಕೋಬನು ಹಿಡಿಯುತ್ತಾನೆ. ಬಿತ್ತಿದ ದಿನವನ್ನು ಒಬ್ಬನು ನೆನೆದನು. ಕೊಯ್ದ ದಿನವನ್ನು ಇನ್ನೊಬ್ಬನು ನೆನೆದನು. ಹೊಲ ಒಂದೇ, ಬೆಳೆಯೂ ಒಂದೇ.

ಜೊತೆಗೆ, ಇಬ್ಬರೂ ನಂಬಿಕೆ ಎನ್ನುವಾಗ ಒಂದೇ ವಸ್ತುವನ್ನು ಹೇಳುತ್ತಿಲ್ಲವೆಂಬುದನ್ನೂ ಗಮನಿಸಬೇಕು. ದೇವರೊಬ್ಬನೆಂದು ದೆವ್ವಗಳೂ ನಂಬಿ ನಡುಗುತ್ತವೆಯೆಂದು ಯಾಕೋಬನು ಹೇಳುವಾಗ, ಆತನು ಖಂಡಿಸುತ್ತಿರುವುದು ಬರಿಯ ಒಪ್ಪಿಗೆಯನ್ನು. ಬುದ್ಧಿಯು ತಲೆಯಾಡಿಸಿ ಸುಮ್ಮನಾಗುವುದನ್ನು. ಪೌಲನ ನಂಬಿಕೆಯು ಬೇರೆ. ಕನ್ನಡ ಬೈಬಲಿನಲ್ಲಿ ಅದಕ್ಕೆ ದೊರೆತ ಮಾತು ಈ ಭೇದವನ್ನು ತಿಳಿಯಲು ಬಹಳ ಸಹಾಯಕವಾಗಿದೆ. ಮಳೆಯನ್ನು ನಂಬಿ ಬಿತ್ತುವ ಒಕ್ಕಲಿಗನೂ, ಅಂಬಿಗನನ್ನು ನಂಬಿ ಹೊಳೆಗಿಳಿಯುವ ದಾರಿಗನೂ, ಗಂಡನ ಮನೆಯನ್ನು ನಂಬಿ ತವರನ್ನು ಬಿಟ್ಟುಬರುವ ಹೆಣ್ಣೂ ಯಾವುದೋ ಒಂದು ಸಿದ್ಧಾಂತಕ್ಕೆ ಒಪ್ಪಿಗೆ ಕೊಡುತ್ತಿಲ್ಲ. ತಮ್ಮ ಬಾಳಿನ ಭಾರವನ್ನೇ ಇನ್ನೊಂದರ ಮೇಲೆ ಇಡುತ್ತಿದ್ದಾರೆ. ಹಾಗೆ ನಂಬಿದವನು ಕೈಕಟ್ಟಿ ಕೂಡುವುದಿಲ್ಲ. ಮಳೆಯನ್ನು ನಂಬಿದವನೇ ನೇಗಿಲನ್ನು ಹೊರಕ್ಕೆ ತೆಗೆಯುವವನು. ಪೌಲನೂ ಗಲಾತ್ಯದವರಿಗೆ ಬರೆಯುವಾಗ, ಪ್ರೀತಿಯ ಮೂಲಕ ಕೆಲಸಮಾಡುವ ನಂಬಿಕೆಯೇ ಪ್ರಯೋಜನಕರವೆಂದು ತಿಳಿಸಲು ಮರೆಯಲಿಲ್ಲ.

ಈ ಹಳೆಯ ಮಾತು ಮತ್ತೆ ಬೆಂಕಿಯಾಗಿ ಹೊತ್ತಿಕೊಂಡುದು ಜರ್ಮನಿಯ ಒಬ್ಬ ಸಂನ್ಯಾಸಿಯ ಹೃದಯದಲ್ಲಿ. 1505ರಲ್ಲಿ ಮಾರ್ಟಿನ್ ಲೂಥರನು ದಾರಿಯಲ್ಲಿ ಸಿಡಿಲಿಗೆ ಹೆದರಿ ಹರಕೆ ಹೊತ್ತು, ಎರ್‌ಫರ್ಟ್ ನಗರದ ಅಗಸ್ಟೀನ್ ಮಠವನ್ನು ಸೇರಿದನು. ಅಲ್ಲಿ ಉಪವಾಸ, ಜಾಗರಣೆ, ಜಪತಪಗಳಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ. ಆದರೆ ಆಚರಣೆ ಹೆಚ್ಚಿದಷ್ಟೂ ಅಂಜಿಕೆಯೂ ಹೆಚ್ಚಿತು. ಪಾಪನಿವೇದನೆಗಾಗಿ ಹಿರಿಯನಾದ ಷ್ಟೌಪಿಟ್ಸನ ಬಳಿಗೆ ಹೋಗಿ ಗಂಟೆಗಟ್ಟಲೆ ಕುಳಿತು, ಎದ್ದು ಬಂದ ಮೇಲೆ ಇನ್ನೊಂದು ದೋಷವು ನೆನಪಾಗಿ ಮತ್ತೆ ಓಡುವನು. ಇದು ಸೋಮಾರಿಯ ಕಥೆಯಲ್ಲವೆಂಬುದು ಮುಖ್ಯ. ಕರ್ಮಮಾರ್ಗವನ್ನು ಕೈಲಾಗದೆ ಬಿಟ್ಟವನು ಅವನಲ್ಲ. ಅದರ ಕೊನೆಯ ಮೆಟ್ಟಲಿನವರೆಗೆ ಹತ್ತಿ, ಅಲ್ಲಿಯೂ ಬಾಗಿಲು ಕಾಣದೆ ನಿಂತವನು. ಪೌಲನ ಪತ್ರಿಕೆಯನ್ನು ಪಾಠ ಹೇಳುತ್ತ ಹೇಳುತ್ತ ಅವನಿಗೆ ಒಂದು ಅರ್ಥವು ಹೊಳೆಯಿತು. ದೇವರ ನೀತಿಯೆಂದರೆ ಪಾಪಿಯನ್ನು ದಂಡಿಸುವ ನೀತಿಯೆಂದು ಅಂಜಿದ್ದವನು, ಅದು ಪಾಪಿಗೆ ದೇವರು ತಾನಾಗಿ ಉಡಿಸುವ ನೀತಿಯೆಂದು ಕಂಡುಕೊಂಡನು.

ಅದೇ ಕಾಲದಲ್ಲಿ ರೋಮಿನ ಸಂತ ಪೇತ್ರನ ದೇವಾಲಯದ ಕಟ್ಟಡಕ್ಕೆಂದು ಜರ್ಮನಿಯಲ್ಲಿ ಪಾಪದಂಡನೆಯ ವಿನಾಯತಿಪತ್ರಗಳನ್ನು ಹಣಕ್ಕೆ ಕೊಡುತ್ತಿದ್ದರು. ದೇವರ ಮುಂದಿನ ಲೆಕ್ಕವನ್ನು ನಾಣ್ಯದಿಂದ ತೀರಿಸಬಹುದೆಂಬ ಭಾವನೆಯು ಜನರಲ್ಲಿ ಹಬ್ಬಿತು. ಲೂಥರನು 1517ರ ಅಕ್ಟೋಬರ್ 31ರಂದು ತನ್ನ 95 ಸೂತ್ರಗಳನ್ನು ಪ್ರಕಟಿಸಿದುದು ಈ ವ್ಯಾಪಾರಕ್ಕೆ ವಿರೋಧವಾಗಿ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ, ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಮೂಲದಲ್ಲಿಲ್ಲದ "ಮಾತ್ರ" ಎಂಬ ಪದವನ್ನು ನಂಬಿಕೆಯೊಡನೆ ಸೇರಿಸಿದನು. ವಿರೋಧಿಗಳು ಆಕ್ಷೇಪಿಸಿದಾಗ, 1530ರಲ್ಲಿ ಬರೆದ ಪತ್ರವೊಂದರಲ್ಲಿ, ಜರ್ಮನ್ ಮಾತಿನ ಜಾಯಮಾನಕ್ಕೂ ಪೌಲನ ಅಭಿಪ್ರಾಯಕ್ಕೂ ಆ ಪದವು ಬೇಕೇಬೇಕೆಂದು ಸಮರ್ಥಿಸಿಕೊಂಡನು. ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿ ಹಗುರಮಾಡಿದುದೂ 1522ರ ಆ ಗ್ರಂಥದ ಪೀಠಿಕೆಯಲ್ಲಿಯೇ. ಮುಂದೆ ಆ ಮಾತನ್ನು ಕೈಬಿಟ್ಟನು. ಇಷ್ಟಾದರೂ ಅವನು ಸತ್ಕರ್ಮದ ವೈರಿಯಾಗಿರಲಿಲ್ಲ. ಹಣ್ಣು ಮರವನ್ನು ಒಳ್ಳೆಯದನ್ನಾಗಿ ಮಾಡದು, ಮರವು ಒಳ್ಳೆಯದಾದರೆ ಹಣ್ಣು ತಾನಾಗಿ ಒಳ್ಳೆಯದಾಗುವುದು ಎಂಬುದು ಅವನ ವಾದವಾಗಿತ್ತು. 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಬರೆದ ಚಿಕ್ಕ ಗ್ರಂಥದಲ್ಲಿ, ತನ್ನ ಮೋಕ್ಷದ ಚಿಂತೆಯಿಂದ ಬಿಡುಗಡೆ ಹೊಂದಿದವನೇ ನೆರೆಯವನ ಸೇವೆಯನ್ನು ನಿಜವಾಗಿ ಮಾಡಬಲ್ಲನು ಎಂಬ ಅಭಿಪ್ರಾಯವನ್ನು ವಿಸ್ತರಿಸಿದನು. ಯೋಚಿಸಿ ನೋಡಿದರೆ ಇದು ಆಳವಾದ ಮಾತು. ತನ್ನ ಪುಣ್ಯಕ್ಕಾಗಿ ಅನ್ನವಿಕ್ಕುವವನಿಗೆ ಹಸಿದವನು ಒಂದು ಸಾಧನ. ಪುಣ್ಯದ ಗೊಡವೆಯಿಲ್ಲದವನಿಗೆ ಹಸಿದವನು ಮನುಷ್ಯ.

ಒಳ್ಳೆಯ ಮದ್ದೂ ತಪ್ಪು ರೋಗಿಗೆ ವಿಷವಾಗುವುದುಂಟು. ಧರ್ಮಶಾಸ್ತ್ರದ ಬೋಧೆಯೇ ಕ್ರೈಸ್ತನಿಗೆ ಬೇಡವೆಂದು ಲೂಥರನ ಶಿಷ್ಯನಾದ ಯೋಹಾನ್ ಅಗ್ರಿಕೋಲನು ಹೊರಟಾಗ, 1537ರಿಂದ ಅವನನ್ನು ಖಂಡಿಸಿ ಬರೆಯುವ ಕೆಲಸವು ಲೂಥರನಿಗೇ ಬಂದಿತು. ನಾಲ್ಕು ಶತಮಾನಗಳ ತರುವಾಯ, 1937ರಲ್ಲಿ, ಲೂಥರನ ಮತಕ್ಕೇ ಸೇರಿದ ಡೀಟ್ರಿಚ್ ಬೊನ್‌ಹೋಫರನು ಜರ್ಮನಿಯ ಕ್ರೈಸ್ತರು ಕೃಪೆಯನ್ನು ಅಗ್ಗದ ಸರಕನ್ನಾಗಿ ಮಾಡಿಕೊಂಡಿರುವರೆಂದು ನೊಂದು ಬರೆದನು. ಕ್ಷಮೆ ಬೇಕು, ಪಶ್ಚಾತ್ತಾಪ ಬೇಡ. ಗುರುವಿನ ಹೆಸರು ಬೇಕು, ಗುರುವಿನ ದಾರಿ ಬೇಡ ಎಂಬ ಮನೋವೃತ್ತಿಯೇ ಆ ಅಗ್ಗದ ಕೃಪೆ. ಹಿಟ್ಲರನ ಆಳ್ವಿಕೆಯನ್ನು ವಿರೋಧಿಸಿದುದಕ್ಕಾಗಿ ಬೊನ್‌ಹೋಫರನನ್ನು 1945ರ ಏಪ್ರಿಲ್ 9ರಂದು ಫ್ಲೋಸನ್‌ಬುರ್ಗಿನ ಸೆರೆಬಿಡಾರದಲ್ಲಿ ಗಲ್ಲಿಗೇರಿಸಿದರು. ನಂಬಿಕೆಯಿಂದಲೇ ರಕ್ಷಣೆಯೆಂಬ ಸಿದ್ಧಾಂತವನ್ನು ಬಿಡದೆಯೇ, ಆ ನಂಬಿಕೆಗೆ ಬೆಲೆಯೆಷ್ಟೆಂಬುದನ್ನು ತನ್ನ ಪ್ರಾಣದಿಂದ ತೋರಿಸಿದವನು ಅವನು.

ರೋಮನ್ ಕ್ಯಾಥೊಲಿಕರ ಪಕ್ಷವನ್ನೂ ನ್ಯಾಯವಾಗಿ ತಿಳಿಯಬೇಕು. ಪುಣ್ಯಕಾರ್ಯಗಳಿಂದ ಸ್ವರ್ಗವನ್ನು ಕೊಳ್ಳಬಹುದೆಂದು ಅವರ ಧರ್ಮಸಭೆಯು ಬೋಧಿಸುತ್ತದೆ ಎಂದು ಹೇಳುವವರುಂಟು. ಇದು ಸರಿಯಲ್ಲ. ಟ್ರೆಂಟ್ ನಗರದ ಮಹಾಸಭೆಯು 1547ರ ಜನವರಿ 13ರಂದು ಈ ವಿಷಯದಲ್ಲಿ ಮಾಡಿದ ನಿರ್ಣಯಗಳಲ್ಲಿ ಮೊಟ್ಟಮೊದಲನೆಯದೇ, ಕ್ರಿಸ್ತನ ಕೃಪೆಯಿಲ್ಲದೆ ಕೇವಲ ತನ್ನ ಕರ್ಮಗಳಿಂದ ಮನುಷ್ಯನು ನೀತಿವಂತನಾಗಬಲ್ಲನೆಂಬವರನ್ನು ಬಹಿಷ್ಕರಿಸುತ್ತದೆ. ಕೃಪೆಯೇ ಮೊದಲು ಬರುವುದು. ಆದರೆ ಮನುಷ್ಯನ ಇಚ್ಛೆಯು ಕಲ್ಲಿನಂತೆ ಜಡವಾಗಿರದೆ ಅದಕ್ಕೆ ಸಮ್ಮತಿಸಬೇಕು. ಕೃಪೆಯಲ್ಲಿ ಮಾಡಿದ ಸತ್ಕರ್ಮದಿಂದ ಪಡೆದ ನೀತಿಯು ಬೆಳೆಯುವುದು ಎಂಬುದು ಅವರ ಮತ. ಪ್ರಾಟೆಸ್ಟೆಂಟರು ಹಣ್ಣೆಂದು ಕರೆಯುವುದನ್ನು ಇವರು ಹಣ್ಣೂ ಹೌದು, ಮರವನ್ನು ಬೆಳೆಸುವ ನೀರೂ ಹೌದು ಎನ್ನುವರು. ಭೇದವಿದೆ; ಆದರೆ ಜನರು ತಿಳಿದುಕೊಂಡಷ್ಟು ಸ್ಥೂಲವಾದ ಭೇದವಲ್ಲ.

ಈ ಸೂಕ್ಷ್ಮವು ಕನ್ನಡ ವಾಚಕರಿಗೆ ಅಪರಿಚಿತವಾದುದಲ್ಲ. ಶ್ರೀವೈಷ್ಣವರಲ್ಲಿ ತೆಂಗಲೆ ವಡಗಲೆಗಳವರ ನಡುವೆ ನಡೆದುಬಂದ ಮಾರ್ಜಾಲಕಿಶೋರ ನ್ಯಾಯ, ಮರ್ಕಟಕಿಶೋರ ನ್ಯಾಯಗಳ ಚರ್ಚೆಯು ಬಲ್ಲವರಿಗೆ ನೆನಪಾಗದಿರದು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುವುದು. ಕೋತಿಯ ಮರಿಯಾದರೋ ತಾನೂ ತಾಯಿಯನ್ನು ಅವಚಿಕೊಳ್ಳಬೇಕು. ಜರ್ಮನಿಯ ಪಂಡಿತನಾದ ರುಡಾಲ್ಫ್ ಆಟೋ 1930ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾರತದ ಈ ಕೃಪಾಮಾರ್ಗವನ್ನು ಕ್ರೈಸ್ತಮತದೊಡನೆ ಹೋಲಿಸಿ ವಿವೇಚಿಸಿದನು. ಒಂದು ಕಡೆ ಬಿಡುಗಡೆಯನ್ನು ಬಯಸುವುದು ಸಂಸಾರಬಂಧದಿಂದ, ಇನ್ನೊಂದು ಕಡೆ ಪಾಪದಿಂದ, ದೇವರಿಂದ ಅಗಲಿದ ಸ್ಥಿತಿಯಿಂದ. ಆದುದರಿಂದ ಎರಡನ್ನೂ ಒಂದೆನ್ನಲಾಗದು. ಆದರೂ ಎರಡು ಕಡೆಯಲ್ಲಿಯೂ ಮರಿಯನ್ನು ಹೊರುವುದು ತಾಯಿಯೇ ಎಂಬುದನ್ನು ಗಮನಿಸಬಹುದು. ಎಷ್ಟು ಬಿಗಿಯಾಗಿ ಹಿಡಿದುಕೊಂಡ ಮರಿಯೂ ತನ್ನ ಕಾಲಿನಿಂದ ನಡೆದು ಮರವನ್ನು ದಾಟಿದುದಿಲ್ಲ.

ಪಂಡಿತರನ್ನು ಬಿಟ್ಟು ಯೇಸುವಿನ ದೃಷ್ಟಾಂತಗಳಿಗೆ ಬಂದರೆ ಪ್ರಶ್ನೆಯು ಇನ್ನೂ ತಿಳಿಯಾಗುವುದು. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ದ್ರಾಕ್ಷೆಯ ತೋಟದ ಯಜಮಾನನೊಬ್ಬನು ಬೆಳಗಿನಿಂದ ದುಡಿದವರಿಗೂ ಹೊತ್ತು ಮುಳುಗಲು ಒಂದು ಗಂಟೆ ಇರುವಾಗ ಬಂದವರಿಗೂ ಒಂದೇ ಕೂಲಿಯನ್ನು ಕೊಡುತ್ತಾನೆ. ಬೆಳಗಿನವರು ಗೊಣಗುತ್ತಾರೆ. ಲೆಕ್ಕದ ದೃಷ್ಟಿಯಿಂದ ಅವರು ಹೇಳುವುದು ನ್ಯಾಯವೇ. ಆದರೆ ಆ ಕೂಲಿಯು ಒಂದು ದಿನದ ಜೀವನಕ್ಕೆ ಬೇಕಾದಷ್ಟು. ಸಂಜೆಯವನ ಮನೆಯಲ್ಲಿಯೂ ಒಲೆ ಹೊತ್ತಬೇಕು. ಯಜಮಾನನು ದುಡಿಮೆಯನ್ನು ಅಳೆಯದೆ ಅಗತ್ಯವನ್ನು ನೋಡಿದನು. ಶಿಲುಬೆಯ ಮೇಲೆ ಕೊನೆಯುಸಿರಿನಲ್ಲಿ ತನ್ನನ್ನು ನೆನೆಯಬೇಕೆಂದು ಬೇಡಿಕೊಂಡ ಕಳ್ಳನು ಈ ಸಂಜೆಯ ಕೂಲಿಯವನೇ. ಮರಣಶಯ್ಯೆಯಲ್ಲಿ ಬರಿಗೈಯಲ್ಲಿ ಮಲಗಿದವನಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ.

ಅದೇ ಸುವಾರ್ತೆಯಲ್ಲಿ ಐದು ಅಧ್ಯಾಯಗಳು ಕಳೆದರೆ ಕಡೆಯ ನ್ಯಾಯವಿಚಾರಣೆಯ ಚಿತ್ರವಿದೆ. ಅಲ್ಲಿ ಯಾರನ್ನೂ ಸಿದ್ಧಾಂತದ ವಿಷಯವಾಗಿ ಕೇಳುವುದಿಲ್ಲ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ನೆರಳು, ಬತ್ತಲೆಯಿದ್ದವನಿಗೆ ಬಟ್ಟೆ, ರೋಗಿಗೆ ಆರೈಕೆ, ಸೆರೆಯಲ್ಲಿದ್ದವನಿಗೆ ಭೇಟಿ. ಇವನ್ನು ಕೊಟ್ಟರೋ ಇಲ್ಲವೋ ಎಂಬುದೇ ಪ್ರಶ್ನೆ. ಕರ್ಮವಾದಿಗಳಿಗೆ ಇದಕ್ಕಿಂತ ಗಟ್ಟಿಯಾದ ಆಧಾರವು ಬೇರೆ ಬೇಕಿಲ್ಲ. ಆದರೆ ಆ ಚಿತ್ರದಲ್ಲಿ ಒಂದು ವಿಚಿತ್ರವಿದೆ. ಬಲಗಡೆಯಲ್ಲಿ ನಿಂತ ಸಜ್ಜನರು ಅರಸನ ಮೆಚ್ಚುಗೆಯನ್ನು ಕೇಳಿ ಬೆರಗಾಗುತ್ತಾರೆ; ನಿನಗೆ ಎಂದು ಉಪಚಾರ ಮಾಡಿದೆವೆಂದು ಕೇಳುತ್ತಾರೆ. ಅವರ ಬಳಿ ಕಡತವೇ ಇಲ್ಲ. ಕೊಟ್ಟುದು ಅವರ ಕೈಗಳಿಗೆ ಗೊತ್ತಿತ್ತು, ನೆನಪಿಗೆ ಗೊತ್ತಿರಲಿಲ್ಲ. ಇಲ್ಲಿ ಎರಡು ದೃಷ್ಟಾಂತಗಳೂ ಸಂಧಿಸುತ್ತವೆ. ದೇವರೂ ಲೆಕ್ಕವಿಟ್ಟು ಕೊಡಲಿಲ್ಲ. ದೇವರಿಗೆ ಮೆಚ್ಚಾದವರೂ ಲೆಕ್ಕವಿಟ್ಟು ಕೊಡಲಿಲ್ಲ. ವಿಶ್ವಾಸಕ್ಕೂ ಸತ್ಕರ್ಮಕ್ಕೂ ಹಗೆತನವಿಲ್ಲ. ಇವೆರಡಕ್ಕೂ ಕೂಡಿ ಹಗೆಯಾದುದು ಆ ಕಡತ.

ಕಡತದಲ್ಲಿಯೇ ಬಾಳಿದ ಒಬ್ಬನ ಕಥೆಯನ್ನು ಲೂಕನು ಹೇಳುತ್ತಾನೆ. ಯೆರಿಕೋ ಪಟ್ಟಣದ ಜಕ್ಕಾಯನು ಸುಂಕ ವಸೂಲಿನವರ ಮುಖ್ಯಸ್ಥ, ಹಣವಂತ, ಊರವರಿಗೆ ಬೇಡವಾದವನು. ಗಿಡ್ಡನಾದುದರಿಂದ ಮರವೇರಿ ಯೇಸುವನ್ನು ನೋಡುತ್ತಿದ್ದಾಗ, ಯೇಸು ತಾನಾಗಿ ಅವನ ಮನೆಗೆ ಅತಿಥಿಯಾಗಿ ಬರುವೆನೆಂದನು. ಮೊದಲು ತಿದ್ದಿಕೊ, ಆಮೇಲೆ ಬರುವೆನೆನ್ನಲಿಲ್ಲ. ಅತಿಥಿಯು ಬಂದ ಮೇಲೆ ಜಕ್ಕಾಯನು ಎದ್ದುನಿಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದನು; ಮೋಸದಿಂದ ತೆಗೆದುಕೊಂಡುದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಕೃಪೆಯು ಮೊದಲು ಹೊಸ್ತಿಲನ್ನು ದಾಟಿತು. ಹಣವು ಆಮೇಲೆ ಹೊರಬಿದ್ದಿತು. ಈ ಕ್ರಮವನ್ನು ಪೌಲನು ಸಮರ್ಥಿಸಿದನು. ಹಣವು ಹೊರಬಿದ್ದಿತೇ ಎಂದು ಯಾಕೋಬನು ವಿಚಾರಿಸಿದನು.

ಯೂರೋಪಿನಲ್ಲಿ ಒಡೆದ ಈ ಎರಡು ಪಕ್ಷಗಳೂ ಕನ್ನಡನಾಡಿನ ಕರಾವಳಿಗೂ ಬಂದುವು. ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅವರು ನಂಬಿಕೆಯಿಂದಲೇ ರಕ್ಷಣೆಯೆಂದು ಸಾರಿದವರು. ಆದರೆ ಅವರ ಮಾತನ್ನು ಕೇಳಿ ಮತಾಂತರ ಹೊಂದಿದವರು ಜಾತಿಯನ್ನೂ ಕುಲಕಸಬನ್ನೂ ಮನೆಯ ಆಸರೆಯನ್ನೂ ಕಳೆದುಕೊಂಡು ನಿಂತಾಗ, ಬೆಚ್ಚಗಿರು ಎಂದು ಹರಸಿ ಕಳುಹಿಸುವಂತಿರಲಿಲ್ಲ. ಮುದ್ರಣಾಲಯ, ಮಗ್ಗಗಳ ಶಾಲೆ, 1865ರಲ್ಲಿ ಹಂಚಿನ ಕಾರ್ಖಾನೆ, ಇವು ಒಂದೊಂದಾಗಿ ಹುಟ್ಟಿದುವು. ಪೌಲನ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಬಂದವರು ಯಾಕೋಬನ ಪ್ರಶ್ನೆಗೆ ಜೇಡಿಮಣ್ಣಿನಿಂದ ಉತ್ತರ ಕೊಡಬೇಕಾಯಿತು. ಅದೇ ಪಟ್ಟಣದಲ್ಲಿ, ಸತ್ಕರ್ಮಕ್ಕೆ ಸ್ಥಾನಕೊಡುವ ಕ್ಯಾಥೊಲಿಕ್ ಮತದ ಫಾದರ್ ಮುಲ್ಲರ್ ಎಂಬ ಜರ್ಮನ್ ಪಾದ್ರಿಯು 1880ರಲ್ಲಿ ಬಡರೋಗಿಗಳಿಗೆ ಹೋಮಿಯೋಪಥಿ ಔಷಧವನ್ನು ಕೊಡಲು ತೊಡಗಿ, ಮುಂದೆ ಕುಷ್ಠರೋಗಿಗಳಿಗೂ ಆಶ್ರಯವನ್ನು ಕಲ್ಪಿಸಿದನು. ಆ ಹಂಚಿನ ಮಾಡಿನ ಕೆಳಗೆ ಮಳೆಗಾಲವನ್ನು ಕಳೆದವನಿಗೂ ಆ ಔಷಧದಿಂದ ಗುಣಹೊಂದಿದವನಿಗೂ, ಯಾವುದು ವಿಶ್ವಾಸವಾದಿಗಳ ಕೆಲಸ, ಯಾವುದು ಕರ್ಮವಾದಿಗಳ ಕೆಲಸವೆಂದು ನೋಡಿ ಹೇಳುವುದು ಸಾಧ್ಯವಾಗುತ್ತಿರಲಿಲ್ಲ.

ಸಿದ್ಧಾಂತಿಗಳಿಗೂ ಬಹುಕಾಲದ ಮೇಲೆ ಈ ಸಾಮೀಪ್ಯವು ಗೋಚರವಾಯಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬುರ್ಗ್ ನಗರದಲ್ಲಿ ಕ್ಯಾಥೊಲಿಕ್ ಧರ್ಮಸಭೆಯವರೂ ಲೂಥರನ ಅನುಯಾಯಿಗಳ ಜಾಗತಿಕ ಸಂಘದವರೂ ಒಂದು ಘೋಷಣೆಗೆ ರುಜುಮಾಡಿದರು. ಮನುಷ್ಯನು ತನ್ನ ಅರ್ಹತೆಯಿಂದಲ್ಲದೆ ಕೃಪೆಯಿಂದಲೇ ದೇವರಿಗೆ ಅಂಗೀಕೃತನಾಗುವನು, ಆ ಕೃಪೆಯೇ ಅವನನ್ನು ಸತ್ಕರ್ಮಕ್ಕೆ ಕರೆಯುವುದು ಎಂಬುದರಲ್ಲಿ ಉಭಯರಿಗೂ ಒಮ್ಮತ ಉಂಟೆಂದೂ, ಹಳೆಯ ಬಹಿಷ್ಕಾರಗಳು ಅಲ್ಲಿ ನಿರೂಪಿಸಿದ ಬೋಧೆಗೆ ತಗಲುವುದಿಲ್ಲವೆಂದೂ ಒಪ್ಪಿದರು. ಮೆಥಡಿಸ್ಟರು 2006ರಲ್ಲಿಯೂ ರಿಫಾರ್ಮ್ಡ್ ಸಭೆಗಳವರು 2017ರಲ್ಲಿಯೂ ಇದಕ್ಕೆ ಸೇರಿಕೊಂಡರು. ಭೇದಗಳೆಲ್ಲ ಅಳಿದುವೆಂದು ಹೇಳಲಾಗದು. ಅಳಿದುವೆಂದು ಅವರೂ ಹೇಳಿಲ್ಲ.

1546ರ ಫೆಬ್ರವರಿಯಲ್ಲಿ ಲೂಥರನು ತೀರಿಕೊಂಡಾಗ, ಅವನು ಕೊನೆಗೆ ಬರೆದ ಒಂದು ಚೀಟಿಯು ದೊರೆಯಿತು. ಮನುಷ್ಯರೆಲ್ಲರೂ ಭಿಕ್ಷುಕರೆಂಬ ಅಭಿಪ್ರಾಯವು ಅದರಲ್ಲಿತ್ತು. ಅಷ್ಟು ಗ್ರಂಥಗಳನ್ನು ಬರೆದು, ಅಷ್ಟು ವಾದಗಳನ್ನು ಗೆದ್ದವನು ಕಡೆಗೆ ದೇವರ ಬಾಗಿಲಲ್ಲಿ ಬೇಡುವವನಾಗಿ ನಿಂತನು. ಯಾಕೋಬನ ಪತ್ರಿಕೆಯಲ್ಲಿಯೂ ಒಬ್ಬ ಭಿಕ್ಷುಕನಿದ್ದಾನೆ. ಅವನು ಮನುಷ್ಯನ ಬಾಗಿಲಲ್ಲಿ ಬೇಡುತ್ತ ನಿಂತಿದ್ದಾನೆ. ಒಂದು ಬಾಗಿಲಲ್ಲಿ ತಾನು ಯಾವ ಹಕ್ಕೂ ಇಲ್ಲದೆ ಪಡೆದೆನೆಂಬುದನ್ನು ಅರಿತವನು, ಇನ್ನೊಂದು ಬಾಗಿಲಲ್ಲಿ ನಿಂತವನ ಯೋಗ್ಯತೆಯನ್ನು ವಿಚಾರಿಸುತ್ತ ಕುಳಿತುಕೊಳ್ಳಲಾರನು. ಎದ್ದುಹೋಗಿ ತನ್ನಲ್ಲಿದ್ದುದನ್ನು ಕೊಡುವನು, ಕೊಟ್ಟುದನ್ನು ಮರೆಯುವನು.